ಹಳೆಯ ಪೇಟೆಯ ಛಾಯಾಚಿತ್ರ: ನೆನಪೂ ಹೌದು, ದಾಖಲೆಯೂ ಹೌದು

ಹುಬ್ಬಳ್ಳಿಯ ದುರ್ಗದ ಬೈಲು, ಜವಳಿ ಸಾಲು, ದಾಜಿಬಾನ ಪೇಟೆಗಳ ಆರೇಳು ದಶಕಗಳ ಹಿಂದಿನ ಕಪ್ಪು-ಬಿಳುಪು ಛಾಯಾಚಿತ್ರಗಳು ಈಗ ಮೊಬೈಲಿನಿಂದ ಮೊಬೈಲಿಗೆ ಸಾಗುತ್ತಿವೆ. ನಮ್ಮ ಯರಗುಪ್ಪಿಯ ಹಿರಿಯರಿಗೆ ‘ಪ್ಯಾಟಿ’ ಎಂದರೆ ಹುಬ್ಬಳ್ಳಿಯೇ. ಎರೆಭೂಮಿಯ ಹತ್ತಿ, ಮೆಣಸಿನಕಾಯಿ ಚಕ್ಕಡಿಯೇರಿ ಅಲ್ಲಿಗೆ ಹೋಗುತ್ತಿದ್ದವು. ಮರಳುವಾಗ ಅರಿವೆ, ಬೆಲ್ಲ, ಸೀಮೆಎಣ್ಣೆ ಬರುತ್ತಿದ್ದವು. ಟಾಂಗಾ ನಿಂತ ಬೀದಿಯ ಚಿತ್ರ ಕಂಡು ಅವರ ಮನಸ್ಸು ಆರ್ದ್ರವಾಗುವುದು ಸಹಜ. ಆದರೆ ವ್ಯಾಪಾರಿ ಬಾಂಧವರು ಇಂಥ ಚಿತ್ರವನ್ನು ಲೆಕ್ಕಪತ್ರ ಓದುವ ಕಣ್ಣಿನಿಂದಲೂ ನೋಡುವುದು ಅವಶ್ಯ. ಏಕೆಂದರೆ ಅದರಲ್ಲಿ ಕಾಣುವ ಅಂಗಡಿಯ ಫಲಕವು ನಿಮ್ಮ ವ್ಯಾಪಾರನಾಮದ ಹಕ್ಕಿಗೆ ಆಧಾರವಾಗಬಲ್ಲದು.

ಮೊದಲ ಪ್ರಶ್ನೆ ಕಾಲದ್ದು. ಚಿತ್ರದ ಹಿಂದೆ ತಾರೀಖು ಬರೆದಿರುವುದು ಅಪರೂಪ. ಆಗ ಚಿತ್ರದೊಳಗಿನ ಅಕ್ಷರಗಳನ್ನೇ ಓದಬೇಕು. ದರದ ಹಲಗೆಯಲ್ಲಿ ‘ನಯಾ ಪೈಸೆ’ ಎಂದಿದ್ದರೆ ಅದು 1957ರ ಏಪ್ರಿಲ್ 1ರ ನಂತರದ್ದು. ‘ನಯಾ’ ಎಂಬ ವಿಶೇಷಣವನ್ನು 1964ರ ಜೂನ್‌ನಲ್ಲಿ ಕೈಬಿಡಲಾಯಿತು. ಆಣೆಯ ದರ ಕಂಡ ಮಾತ್ರಕ್ಕೆ 1957ರ ಹಿಂದಿನದೆಂದು ತೀರ್ಮಾನಿಸಲಾಗದು, ಏಕೆಂದರೆ ಎರಡೂ ನಾಣ್ಯಗಳು ಕೆಲಕಾಲ ಜೊತೆಯಾಗಿ ಚಲಾವಣೆಯಲ್ಲಿದ್ದವು. ಸೇರು, ಮಣಗಳ ಸ್ಥಾನಕ್ಕೆ ಕಿಲೋಗ್ರಾಂ ಬಂದುದು 1958ರಿಂದ, ಅದೂ ಹಂತಹಂತವಾಗಿ. ‘ಮುಂಬಯಿ ರಾಜ್ಯ’ ಎಂದು ಬರೆದ ಧಾರವಾಡ ಜಿಲ್ಲೆಯ ಫಲಕ 1956ರ ನವೆಂಬರ್ 1ರ ಹಿಂದಿನ ಕಾಲವನ್ನೂ, ‘ಮೈಸೂರು ರಾಜ್ಯ’ ಎಂಬುದು ಅಲ್ಲಿಂದ 1973ರ ನಾಮಕರಣದವರೆಗಿನ ಕಾಲವನ್ನೂ ಸೂಚಿಸುತ್ತವೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಫಲಕವನ್ನು ಬಣ್ಣ ಮಾಸುವವರೆಗೂ ಬದಲಿಸದ ನಮ್ಮವರ ಮಿತವ್ಯಯವನ್ನೂ ಗಮನದಲ್ಲಿಡಬೇಕು!

ಇನ್ನು ಹಕ್ಕಿನ ವಿಚಾರ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 34ನೆಯ ಕಲಮಿನ ಪ್ರಕಾರ, ಬೇರೊಬ್ಬರು ನೋಂದಾಯಿಸಿದ ಹೆಸರನ್ನೇ ನೀವು ಅವರಿಗಿಂತ ಮೊದಲಿನಿಂದ, ಸತತವಾಗಿ, ಅದೇ ಸರಕಿಗೆ ಬಳಸುತ್ತ ಬಂದಿದ್ದರೆ ಆ ನೋಂದಣಿಯ ಬಲದಿಂದ ನಿಮ್ಮನ್ನು ತಡೆಯಲಾಗದು. ಅವರ ನೋಂದಣಿಯ ದಿನ, ಅವರು ಬಳಕೆ ಆರಂಭಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತಲೂ ನಿಮ್ಮ ಬಳಕೆ ಹಿಂದಿನದಾಗಿರಬೇಕು. ಮೆಣಸಿನಪುಡಿ, ಹಪ್ಪಳ, ಬೀಜ, ಜವಳಿಗಳನ್ನು ಅಜ್ಜನ ಹೆಸರಿನಲ್ಲಿ ಮಾರುವ, ನೋಂದಣಿಯ ಗೊಡವೆಗೆ ಹೋಗದ ಮನೆತನಗಳಿಗೆ ಇದೇ ಮುಖ್ಯ ರಕ್ಷಣೆ. ಇಲ್ಲಿ ‘ಸತತ’ ಎಂಬ ಪದ ಮಹತ್ವದ್ದು. ಛಾಯಾಚಿತ್ರ ಒಂದು ಕ್ಷಣವನ್ನಷ್ಟೇ ತೋರಿಸುತ್ತದೆ. ನಡುವಣ ವರ್ಷಗಳನ್ನು ಕಿರ್ದಿ, ಖತಾವಣಿ, ಬಿಲ್ಲು, ಮಾರಾಟ ತೆರಿಗೆಯ ಕಾಗದಗಳು ತುಂಬಿಕೊಡಬೇಕು. ಆದಾಯ ತೆರಿಗೆಗೆ ಬೇಕಾದ ಅವಧಿ ಮುಗಿಯಿತೆಂದು ವಹಿಗಳೆಲ್ಲವನ್ನೂ ದೀಪಾವಳಿಗೆ ರದ್ದಿಗೆ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೊಂದೆರಡು ಬಿಲ್ಲನ್ನಾದರೂ ಎತ್ತಿಡಿ.

ಮೂಲ ಪ್ರತಿಯನ್ನು ಕಾಯ್ದುಕೊಳ್ಳುವುದೂ ಅಷ್ಟೇ ಅಗತ್ಯ. ಮೊಬೈಲಿನ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಯಾರೋ ಕಳುಹಿಸಿದ ಚಿತ್ರಕ್ಕೆ ಅದನ್ನು ಒದಗಿಸುವುದು ಕಷ್ಟ. ಹಳೆಯ ಚಿತ್ರವೆಲ್ಲ ಸಾರ್ವಜನಿಕ ಸ್ವತ್ತೆಂದು ಭಾವಿಸಿ ಕ್ಯಾಲೆಂಡರಿಗೆ ಅಚ್ಚು ಹಾಕಿಸುವುದೂ ಸಲ್ಲದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು ಬೇರೆ ಕರಾರು ಇಲ್ಲದಿದ್ದರೆ ತೆಗೆಸಿದವರದು. ಛಾಯಾಗ್ರಾಹಕ ತಾನಾಗಿ ತೆಗೆದ ಬೀದಿಯ ಚಿತ್ರದ ಮಾತು ಬೇರೆ.

ಚಿತ್ರದಲ್ಲಿ ಕಾಣದ್ದೂ ಬಹಳವಿದೆ. ಅಂಗಡಿಯವರು ಛಾಯಾಗ್ರಾಹಕನನ್ನು ಕರೆಸುತ್ತಿದ್ದುದು ಸಾಮಾನ್ಯವಾಗಿ ಲಕ್ಷ್ಮೀಪೂಜೆಗೋ ಹೊಸ ಅಂಗಡಿಯ ಆರಂಭಕ್ಕೋ. ಥಾನುಗಳು ಒಪ್ಪವಾಗಿ ಜೋಡಿಸಿರುತ್ತವೆ, ಎಲ್ಲರೂ ಶುಭ್ರ ಟೊಪ್ಪಿಗೆ ಧರಿಸಿರುತ್ತಾರೆ. ಉದ್ರಿ ವಸೂಲಾಗದ ಸಂಕಟ, ನಲವತ್ತರ ದಶಕದ ಬಟ್ಟೆ ನಿಯಂತ್ರಣ, ಧಾನ್ಯದ ಪಡಿತರ ಇವು ಕಿರ್ದಿಯಲ್ಲಿ ಸಿಗುತ್ತವೆಯೇ ಹೊರತು ಚಿತ್ರದಲ್ಲಲ್ಲ. ನಡುವೆ ಕುಳಿತ ಮಾಲೀಕರ ಹೆಸರು ಮನೆಯವರಿಗೆಲ್ಲ ಗೊತ್ತಿರುತ್ತದೆ. ಅಂಚಿನಲ್ಲಿ ನಿಂತ ದಿವಾನಜಿ, ಹಮಾಲ, ಚಕ್ಕಡಿ ಹೊಡೆಯುವವನ ಹೆಸರು ಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಉಳಿದಿರಬಹುದು. ಅವರನ್ನು ಕೇಳಿ, ಚಿತ್ರದ ಹಿಂಬದಿಗೆ ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಿ. ಶಾಯಿ ಬೇಡ, ಅದು ಮುಂದಿನ ಬದಿಗೆ ಇಳಿಯುತ್ತದೆ.