ಮಂತ್ರದಂಡಕ್ಕೂ ಮೊದಲು ಪರೀಕ್ಷೆ

ಡಾ. ವಿಲಿಯಂ ವಿನ್ ವೆಸ್ಟ್‌ಕಾಟ್ ಲಂಡನ್ನಿನಲ್ಲಿ ಕರೋನರ್ ಆಗಿದ್ದವರು. ಅನುಮಾನಾಸ್ಪದವಾಗಿ ಸತ್ತವರ ಸಾವಿಗೆ ಕಾರಣ ಹುಡುಕುವುದು ಅವರ ಸರ್ಕಾರಿ ಕೆಲಸ. 1888ರಲ್ಲಿ ಇದೇ ವೈದ್ಯರು ಇಬ್ಬರು ಗೆಳೆಯರ ಜೊತೆ ಸೇರಿ ‘ಗೋಲ್ಡನ್ ಡಾನ್’ ಎಂಬ ಗುಪ್ತ ಮಂಡಳಿ ಕಟ್ಟಿದರು. ಇಂದು ಪಶ್ಚಿಮದ ದೇಶಗಳಲ್ಲಿ ಮ್ಯಾಜಿಕ್ ಸಾಧನೆ ಮಾಡುವವರ ಪದ್ಧತಿಗಳನ್ನು ಕೆದಕಿದರೆ ಹೆಚ್ಚಿನವುಗಳ ಬೇರು ಇಲ್ಲಿಗೇ ಬಂದು ತಾಗುತ್ತದೆ. ಟೋಪಿಯಿಂದ ಮೊಲ ತೆಗೆಯುವ ಮ್ಯಾಜಿಕ್ ಇದಲ್ಲ. ನಿಂಬೆಹಣ್ಣು ಕುಯ್ದು ಹಗೆ ತೀರಿಸುವ ಮಾಟವೂ ಅಲ್ಲ.

ಹೆಂಗಸರಿಗೂ ಗಂಡಸರಷ್ಟೇ ಮುಕ್ತ ಪ್ರವೇಶವಿತ್ತು. ಸೇರಿದವರಿಗೆ ಎದುರಾಗುತ್ತಿದ್ದದ್ದು ಭೂತಪ್ರೇತವಲ್ಲ, ಪಠ್ಯಕ್ರಮ! ಹೀಬ್ರೂ ಅಕ್ಷರಗಳು, ರಾಶಿ-ಗ್ರಹಗಳು, ಟ್ಯಾರೋ ಎಲೆಗಳು. ಪರೀಕ್ಷೆ ಪಾಸಾದರೆ ಮುಂದಿನ ಮೆಟ್ಟಿಲು. ಪ್ರಯೋಗಗಳೇನಿದ್ದರೂ ಒಳಮಂಡಳಿಗೆ ಬಡ್ತಿ ಸಿಕ್ಕ ಮೇಲೆ. ಅಲ್ಲಿ ಕಠಾರಿಯನ್ನೋ ಬಟ್ಟಲನ್ನೋ ಕೊಂಡು ತಂದರೂ ಅದಕ್ಕೆ ಬಣ್ಣ ಬಳಿದು, ಅಕ್ಷರ ಬರೆದು ಸಿದ್ಧಪಡಿಸುವುದು ಸಾಧಕರದೇ ಕೈಕೆಲಸ. ಏಕಾಗ್ರತೆಗೆ ಅವರು ದಿಟ್ಟಿಸುತ್ತಿದ್ದ ಚಿತ್ರಗಳು ನಮಗೆ ಹೊಸವಲ್ಲ: ಹಳದಿ ಚೌಕ ಪೃಥ್ವಿ, ಬೆಳ್ಳಿಯ ಅರ್ಧಚಂದ್ರ ಜಲ, ಕೆಂಪು ತ್ರಿಕೋನ ಅಗ್ನಿ. ಥಿಯಾಸಫಿ ಬರಹಗಳ ದಾರಿ ಹಿಡಿದು ಲಂಡನ್ ಮುಟ್ಟಿದ ನಮ್ಮ ಪಂಚಭೂತಗಳು.

ಸಾಧಕರಿಗೆ ಇರಬೇಕಾದ ಗುಣಗಳನ್ನು 19ನೇ ಶತಮಾನದ ನಡುವಿನಲ್ಲೇ ಫ್ರಾನ್ಸಿನ ಎಲಿಫಾಸ್ ಲೆವಿ ಹೇಳಿಟ್ಟಿದ್ದರು: ಅರಿವು, ಎದೆಗಾರಿಕೆ, ಸಂಕಲ್ಪ, ಮೌನ. ಸಂಕಲ್ಪಕ್ಕೆ ತಕ್ಕಂತೆ ಬದಲಾವಣೆ ತರುವ ವಿದ್ಯೆಯೇ ಮ್ಯಾಜಿಕ್ ಎಂದು ಮುಂದೆ ಇದೇ ಮಂಡಳಿಯಲ್ಲಿದ್ದ ಅಲಿಸ್ಟರ್ ಕ್ರೌಲಿ ಬರೆದರು. ಹಾಗೆ ನೋಡಿದರೆ ಬೇಕೆಂದೇ ಮಾಡುವ ಯಾವ ಕೆಲಸವೂ ಮ್ಯಾಜಿಕ್ಕೇ. ವ್ಯಾಖ್ಯಾನ ತೀರ ಸಡಿಲವಾಯಿತು ಎನ್ನದೆ ವಿಧಿಯಿಲ್ಲ. ಆದರೆ ಅವರು ಶಿಷ್ಯರಿಂದ ಬರೆಸುತ್ತಿದ್ದ ಡೈರಿಯನ್ನು ಮೆಚ್ಚಲೇಬೇಕು. ಏನು ಮಾಡಿದೆ, ಎಷ್ಟು ಹೊತ್ತು, ಮೈಮನಸ್ಸು ಹೇಗಿತ್ತು, ಏನಾಯಿತು ಎಲ್ಲವೂ ಅದರಲ್ಲಿ ದಾಖಲಾಗಬೇಕಿತ್ತು.

ಲೆವಿ ಹೇಳಿದ ನಾಲ್ಕು ಗುಣಗಳಲ್ಲಿ ಮಂಡಳಿಗೆ ಕೈಕೊಟ್ಟದ್ದು ಮೌನವೇ. 1900ರಲ್ಲಿ ಮಂಡಳಿ ಎರಡು ಬಣವಾಯಿತು. ಲಂಡನ್ನಿನ ಬ್ಲೈಥ್ ರಸ್ತೆಯ ಕೊಠಡಿಗಳನ್ನು ವಶಪಡಿಸಿಕೊಳ್ಳಲು ಕ್ರೌಲಿ ಸ್ಕಾಟ್ಲೆಂಡಿನ ಉಡುಗೆ ತೊಟ್ಟು, ಮುಖವಾಡ ಧರಿಸಿ ಬಂದರು. ಎದುರು ಬಣದಲ್ಲಿದ್ದವರು ಕವಿ ಯೇಟ್ಸ್. ಕೊನೆಗೆ ಪೊಲೀಸ್ ಪೇದೆಯನ್ನು ಕರೆಸಬೇಕಾಯಿತು. ಉಳಿದ ಗುಟ್ಟನ್ನು ಇಸ್ರೇಲ್ ರೆಗಾರ್ಡಿ ಬಯಲು ಮಾಡಿದರು. ಕವಲು ಸಂಸ್ಥೆಯೊಂದರಲ್ಲಿ ದೀಕ್ಷೆ ಪಡೆದಿದ್ದ ಅವರು ಆಣೆ ಮುರಿದು, 1937ರಿಂದ 1940ರವರೆಗೆ ನಾಲ್ಕು ಸಂಪುಟಗಳಲ್ಲಿ ವಿಧಿಗಳನ್ನು ಅಚ್ಚು ಹಾಕಿಸಿದರು. ಗುರುವಿಲ್ಲದೆ ಮನೆಯಲ್ಲೇ ಕೂತು ಕಲಿಯುವ ಇಂದಿನ ಸಾಧಕರು ಬಿಡಿಸಿ ಓದುವುದು ಅವನ್ನೇ.