ಹಿತ್ತಲಿನ ಗಿಡ: ಕೊಟ್ಟು ತೆಗೆದುಕೊಳ್ಳುವ ಕ್ರಮ

ಹಿತ್ತಲುಳ್ಳ ಮನೆಯಲ್ಲಿ ಗಿಡ ಬೆಳೆಸುವುದಕ್ಕಿಂತ ಬೆಳೆದದ್ದನ್ನು ಅಂಕೆಯಲ್ಲಿಡುವುದೇ ಕೆಲವೊಮ್ಮೆ ಕಷ್ಟ. ಬಾಳೆಯ ಬುಡದಲ್ಲಿ ಕಂದುಗಳು ಒತ್ತಾಗುತ್ತವೆ. ಕರಿಬೇವು ಬೇರಿನಿಂದಲೇ ಮರಿ ಹಾಕುತ್ತದೆ. ಬಸಳೆ ಬೇಲಿ ದಾಟಿ ನೆರೆಮನೆಗೆ ಹೋಗುತ್ತದೆ. ಶಿಂಷಾ ನದಿಯ ದಡದಲ್ಲಿದ್ದು ವಿಶ್ವೇಶ್ವರಯ್ಯ ನಾಲೆಯ ನೀರನ್ನು ಕಂಡಿರುವ ಮದ್ದೂರಿನ ಸೀಮೆಯವರಿಗೆ ಇದು ಹೊಸ ಮಾತಲ್ಲ. ಹೀಗೆ ಹೆಚ್ಚಾದದ್ದನ್ನು ತಿಪ್ಪೆಗೆ ಎಸೆಯದೆ, ಸಂಕ್ರಾಂತಿಯ ಎಳ್ಳು ಬೀರಿದಂತೆ ನಾಲ್ಕು ಮನೆಗೆ ಹಂಚುವುದು ಹಿರಿಯರ ರೂಢಿ. ರೂಢಿ ಒಳ್ಳೆಯದೇ. ಆದರೆ ಗಿಡದ ಜೊತೆಗೆ ರೋಗವೂ ಮನೆ ಹೊಗಬಹುದೆಂಬ ಎಚ್ಚರ ಬೇಕು.

ಮೊದಲು ತಿಳಿಯಬೇಕಾದುದು, ಕೊಡುವುದರಿಂದ ಕೊಟ್ಟವರಿಗೂ ಲಾಭ ಉಂಟೆಂಬುದು. ಬಾಳೆಯ ಬುಡದಲ್ಲಿ ತಾಯಿಗಿಡವನ್ನೂ ಮುಂದಿನ ಫಸಲಿಗೆ ಒಂದು ಕಂದನ್ನೂ ಉಳಿಸಿ ಮಿಕ್ಕವನ್ನು ತೆಗೆದರೆ ಗೊನೆ ತುಂಬಿಬರುತ್ತದೆ. ನೆಡುವುದಕ್ಕೆ ಕತ್ತಿಯಂಥ ಕಿರಿದಾದ ಎಲೆಯುಳ್ಳ ಕಂದೇ ತಕ್ಕದ್ದು. ಎಳೆಯದರಲ್ಲೇ ಎಲೆ ಅಗಲವಾಗಿರುವ ಕಂದಿನ ಗಡ್ಡೆಯಲ್ಲಿ ಬಲವಿರುವುದಿಲ್ಲ.

ಬೇರೆ ಗಿಡಗಳಿಗೆ ಬೇರೆ ಕ್ರಮ. ನುಗ್ಗೆಗೆ ಮೂರು ನಾಲ್ಕು ಅಡಿ ಉದ್ದದ ಬಲಿತ ಕೊಂಬೆ; ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿ; ದೊಡ್ಡಪತ್ರೆಗೂ ಬಸಳೆಗೂ ಗೆಣ್ಣುಳ್ಳ ಒಂದು ತುಂಡು ಸಾಕು. ಮಲ್ಲಿಗೆಯ ಬಳ್ಳಿಯನ್ನು ಬಾಗಿಸಿ ಮಣ್ಣು ಮುಚ್ಚಿ, ಬೇರು ಬಿಟ್ಟ ಮೇಲೆ ಕತ್ತರಿಸಿ ಕೊಡಬಹುದು. ಕರಿಬೇವಿನ ಬೀಜ ಬಹುಬೇಗ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಹಣ್ಣಾದ ಕೂಡಲೇ ಕೊಡಬೇಕು, ಇಲ್ಲವೆ ಬೇರುಸಹಿತ ಮರಿಯನ್ನೇ ಕೀಳಬೇಕು. ಮಂಡ್ಯದ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆ ಮಳೆಗೆ ಮುನ್ನ ಬೇರೂರಿಸಿದ ಕಡ್ಡಿ ಬೇಸಗೆಯ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಇನ್ನು ಎಚ್ಚರದ ಮಾತು. ಹೆಸರಾದ ನಂಜನಗೂಡಿನ ರಸಬಾಳೆ ಬಹುಮಟ್ಟಿಗೆ ಕ್ಷೀಣಿಸಿದ್ದು ಪನಾಮ ಸೊರಗು ರೋಗದಿಂದ. ಇದು ಮಣ್ಣಿನಲ್ಲಿರುವ ಶಿಲೀಂಧ್ರ. ಕಂದಿನೊಡನೆ ಪ್ರಯಾಣ ಮಾಡುತ್ತದೆ, ಒಮ್ಮೆ ಹೊಕ್ಕ ನೆಲದಲ್ಲಿ ದಶಕಗಳವರೆಗೆ ಉಳಿಯುತ್ತದೆ. ತಾಯಿಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದಿದ್ದರೆ, ಗಡ್ಡೆ ಕೊಯ್ದಾಗ ಕೆಂಗಂದು ಗೆರೆಗಳು ಕಂಡರೆ, ಆ ಬುಡದ ಕಂದನ್ನು ಯಾರಿಗೂ ಕೊಡಬಾರದು. ಎಷ್ಟು ತೊಳೆದರೂ ಒಳಗಿನ ರೋಗ ಹೋಗದು.

ಹೂಗಿಡವೂ ಇದಕ್ಕೆ ಹೊರತಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿಯ ಹಿಟ್ಟು ತಿಗಣೆ ದಕ್ಷಿಣದ ರಾಜ್ಯಗಳಿಗೆ ಹಬ್ಬಿತು. ಅದು ದಾಸವಾಳದ ಮೇಲೂ ಇರುತ್ತದೆ, ಹಿಪ್ಪುನೇರಳೆಯ ಮೇಲೂ ಇರುತ್ತದೆ. 2010ರಲ್ಲಿ ಪೋರ್ಟೊ ರಿಕೊದಿಂದ ಅದರ ವೈರಿಯಾದ ಸಣ್ಣ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಹಾವಳಿ ತಗ್ಗಿತು. ರೇಷ್ಮೆ ಸಾಕುವ ಮದ್ದೂರು, ಮಳವಳ್ಳಿಯವರು ಇದನ್ನು ಮರೆಯಬಾರದು. ಪ್ರೀತಿಯಿಂದ ಕೊಟ್ಟ ಒಂದು ದಾಸವಾಳದ ಕಡ್ಡಿ ನೆರೆಯವರ ಹಿಪ್ಪುನೇರಳೆ ತೋಟಕ್ಕೆ ಕೇಡು ತರಬಹುದು. ಕೊಡುವವರು ಎಲೆಯ ಹಿಂಬದಿಯನ್ನು ನೋಡಿ ಕೊಡಲಿ. ತಂದವರು ಗಿಡವನ್ನು ಎರಡು ವಾರ ಬೇರೆಯಾಗಿಟ್ಟು, ಬಿಳಿಯ ಹಿಟ್ಟಿನಂಥದು ಕಾಣದಿದ್ದರೆ ಮಾತ್ರ ಉಳಿದವುಗಳ ಜೊತೆಗೆ ಸೇರಿಸಲಿ. ಕದ್ದು ತಂದ ಮನಿಪ್ಲಾಂಟ್ ಚೆನ್ನಾಗಿ ಬರುತ್ತದೆಂಬ ನಂಬಿಕೆ ಉಂಟಷ್ಟೆ. ಕೇಳಿ ತಂದರೆ ಅದರ ಆರೋಗ್ಯವನ್ನೂ ಕೇಳಿ ತಿಳಿಯಬಹುದು.

ಹಂಚಿಕೆಯಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ. ಒಂದೇ ಹಿತ್ತಲಿನಲ್ಲಿರುವ ತಳಿ ಒಂದು ಬರಕ್ಕೆ ಅಳಿದುಹೋದೀತು. ಹತ್ತು ಹಿತ್ತಲಿಗೆ ಹೋದದ್ದು ಎಲ್ಲಾದರೂ ಉಳಿದೀತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತರಾದ ಸಯ್ಯದ್ ಘನಿ ಖಾನ್ ಅವರು ನೂರಾರು ಬಗೆಯ ಭತ್ತವನ್ನೂ ನೂರಕ್ಕೂ ಹೆಚ್ಚು ಬಗೆಯ ಮಾವನ್ನೂ ಕಾಪಾಡಿಕೊಂಡು ಬಂದಿರುವುದು ಈ ಸೀಮೆಗೆ ಹೆಮ್ಮೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ರೈತರು ತಾವು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ವಿನಿಮಯ ಮಾಡುವ ಹಕ್ಕನ್ನು ಮನ್ನಿಸಿದೆ. ಬ್ರ್ಯಾಂಡಿನ ಹೆಸರಿಟ್ಟು ಮಾರುವುದಕ್ಕೆ ಮಾತ್ರ ಒಪ್ಪಿಗೆಯಿಲ್ಲ.

ಆದುದರಿಂದ ಗಿಡ ಕೊಡುವಾಗ ಅದರ ಹೆಸರು, ಬಂದ ಊರು, ನೀರಿನ ಅಳತೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಲೇಸು. ಕೊಯ್ಯುವ ಕತ್ತಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ತೊಳೆದು ಒರೆಸಬೇಕು. ಕೊಟ್ಟ ಮನೆಯಲ್ಲಿ ಗಿಡ ಸತ್ತರೆ, ಪಡೆದ ಮನೆಯಿಂದ ಅದೇ ತಳಿ ಮರಳಿ ಬಂದೀತು.