ಮನೆಯಲ್ಲಿ ಕಟ್ಟುವ ಕಾರಿಗೆ ಬೆಸುಗೆಯ ಯಂತ್ರ

ಮೋಟಾರು ಕೊಳ್ಳುವವರನ್ನು ನಾವು ದಿನ ಬೆಳಗಾದರೆ ಕಾಣುತ್ತೇವೆ. ಮೋಟಾರನ್ನು ತಾವೇ ಕಟ್ಟುತ್ತೇವೆಂದು ಹೊರಡುವವರು ಅಪರೂಪ. ಅಂಥವನೊಬ್ಬ ನಮ್ಮ ಮನೆತನದಲ್ಲಿಯೇ ಹುಟ್ಟಿಕೊಂಡಿದ್ದಾನೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಸೋದರಳಿಯ ಮೂವರು ಗೆಳೆಯರನ್ನು ಕೂಡಿಕೊಂಡು, ಇಬ್ಬರು ಕುಳಿತುಕೊಳ್ಳುವಷ್ಟು ಚಿಕ್ಕ ಕಾರೊಂದನ್ನು ಮನೆಯ ಹಿಂದಿನ ಷೆಡ್ಡಿನಲ್ಲಿ ಕಟ್ಟಲು ಸಂಕಲ್ಪಿಸಿದ. ಅವನ ತಂದೆ, ಅಂದರೆ ನಮ್ಮ ಭಾವನವರು, ಒಂದೇ ಷರತ್ತಿನ ಮೇಲೆ ಒಪ್ಪಿದರು. “ಬೆಸುಗೆಯ ಯಂತ್ರ ಕೊಳ್ಳುವಾಗ ನೀವು ಜೊತೆಗಿರಬೇಕು. ಬಣ್ಣ ಕೆಟ್ಟರೆ ಮತ್ತೆ ಬಳಿಯಬಹುದು; ಓಡುವ ಬಂಡಿಯಲ್ಲಿ ಬೆಸುಗೆ ಬಿಟ್ಟರೆ ಕೇಳುವುದೇನಿದೆ?” ಎಂದರು. ಈ ಮಾತಿನ ಭಾರದಿಂದಲೇ ನಾವು ಆ ವಿದ್ಯೆಯನ್ನು ಕೊಂಚ ಅಭ್ಯಾಸ ಮಾಡಬೇಕಾಯಿತು.

ಈ ಹವ್ಯಾಸವೇನೂ ಹೊಸದಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ತನ್ನ ಮೊದಲ ಬಂಡಿಯನ್ನು 1948ರಲ್ಲಿ, ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಆಧಾರವಾಗಿಟ್ಟುಕೊಂಡು, ಒಂದು ಚಿಕ್ಕ ಗ್ಯಾರೇಜಿನಲ್ಲಿ ಕಟ್ಟಿದ. ಅವನ ಲೋಟಸ್ ಸೆವೆನ್ 1957ರಲ್ಲಿ ಹೊರಬಂದಿತು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡವರು ಬಹುಮಂದಿ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಉಪಾಧ್ಯಾಯರು, ಅಂಥದೇ ಕಾರನ್ನು ಕೇವಲ 250 ಪೌಂಡಿನಲ್ಲಿ ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ಅದರ ಚೌಕಟ್ಟು ಒಂದು ಅಂಗುಲದ ಚೌಕ ಉಕ್ಕಿನ ಕೊಳವೆಯದು. ಕೊಳವೆಯ ಗೋಡೆ 16 ಗೇಜು, ಎಂದರೆ ಸುಮಾರು 1.6 ಮಿಲಿಮೀಟರು ದಪ್ಪ. ನಮ್ಮ ಹುಡುಗರು ಹಿಡಿದಿರುವ ನಕ್ಷೆಯೂ ಅದೇ ಜಾತಿಯದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇಂಗ್ಲೆಂಡಿನಲ್ಲಿ ಇಂಥ ಬಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ ರಸ್ತೆಗೆ ಬಿಡುವ ಏರ್ಪಾಡು ಉಂಟು. ನಮ್ಮಲ್ಲಿಯಾದರೋ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಬಂಡಿಯ ಮಾದರಿಗೇ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಷೆಡ್ಡಿನಲ್ಲಿ ಹುಟ್ಟಿದ ಒಂಟಿ ಬಂಡಿಗೆ ಅದು ದೊರೆಯುವುದು ಬಲು ಕಷ್ಟ. ಆದುದರಿಂದ ಈ ಕಾರು ಖಾಸಗಿ ಮೈದಾನದಲ್ಲಿ ಮಾತ್ರ ಓಡತಕ್ಕದ್ದೆಂದು ಮೊದಲೇ ಗೊತ್ತುಮಾಡಿಕೊಂಡೆವು.

ನಾಗದೇವಿ ಬೀದಿಯಲ್ಲಿ ಸಿಕ್ಕದ ಹತ್ಯಾರು ಮುಂಬಯಿಯಲ್ಲೇ ಇಲ್ಲವೆಂಬ ನಂಬಿಕೆಯಿಂದ ಹುಡುಗನನ್ನು ಅಲ್ಲಿಗೆ ಕರೆಸಿಕೊಂಡೆವು. ಅಂಗಡಿಯಾತ ಮೊದಲು ಮುಂದಿಟ್ಟದ್ದು ರಾಡಿನಿಂದ ಬೆಸೆಯುವ ಆರ್ಕ್ ಯಂತ್ರ. ಮೇಲೆ 200 ಆಂಪಿಯರೆಂದು ದಪ್ಪಕ್ಷರದ ಬರಹ. “ಮಾವ, ಬೆಲೆಯೂ ಕಡಿಮೆ, ಬಲವೂ ಹೆಚ್ಚು,” ಎಂದು ಹುಡುಗ ಹಿಗ್ಗಿದ. ನಾವು ಕಾಗದ ಪೆನ್ಸಿಲು ತೆಗೆದೆವು. ರಾಡಿನ ಬೆಸುಗೆಯಲ್ಲಿ 200 ಆಂಪಿಯರು ಹರಿಯಬೇಕಾದರೆ ಕಿಡಿಯ ಬಾಯಲ್ಲಿ ಸುಮಾರು 28 ವೋಲ್ಟು ಇರಬೇಕು; ಅಲ್ಲಿಗೆ 5,600 ವಾಟು. ಯಂತ್ರದೊಳಗೆ ವ್ಯಯವಾಗುವುದು ಬೇರೆ. ಮನೆಯ ದೊಡ್ಡ ಪವರ್ ಪ್ಲಗ್ಗಾದರೋ 16 ಆಂಪಿಯರಿನದು. 230 ವೋಲ್ಟಿನಿಂದ ಗುಣಿಸಿದರೆ 3,680 ವಾಟು. ಆ ದಪ್ಪಕ್ಷರದ ಬಲವನ್ನು ಮನೆಯ ಗೋಡೆ ಕೊಡಲಾರದು. ಕೊಡಬೇಕಾಗಿಯೂ ಇಲ್ಲ! 1.6 ಮಿಲಿಮೀಟರು ಕೊಳವೆಗೆ 60-70 ಆಂಪಿಯರು ಸಾಕು. 3 ಮಿಲಿಮೀಟರು ಬ್ರಾಕೆಟ್ಟಿಗೆ ನೂರು, ನೂರಹತ್ತು. ಇಷ್ಟನ್ನು ಆ ಪ್ಲಗ್ಗು ಹೇಗೋ ತಾಳಿಕೊಳ್ಳುತ್ತದೆ. ಅದಕ್ಕೂ ಮೀಟರಿನಿಂದ ಪ್ರತ್ಯೇಕ ದಪ್ಪ ತಂತಿಯೂ ಒಳ್ಳೆಯ ಅರ್ಥಿಂಗೂ ಬೇಕು.

ಅಂಗಡಿಯಲ್ಲಿ ಕೇಳಬೇಕಾದುದು ಹೆಚ್ಚೆಂದರೆ ಎಷ್ಟು ಎಂಬುದನ್ನಲ್ಲ. ಕಡಿಮೆಯೆಂದರೆ ಎಷ್ಟಕ್ಕೆ ಇಳಿಯುತ್ತದೆ, ಇಳಿದಾಗ ಕಿಡಿ ಸ್ಥಿರವಾಗಿ ನಿಲ್ಲುತ್ತದೆಯೆ ಎಂಬುದನ್ನು. ಜೊತೆಗೆ, ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ದುಡಿಯಬಲ್ಲದೆಂದು ಯಂತ್ರದ ಬೆನ್ನ ಮೇಲೆ ಬರೆದಿರುತ್ತದೆ. ನೂರಕ್ಕೆ 60 ಎಂದಿದ್ದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಹವ್ಯಾಸಿಗೆ ಇದರ ಚಿಂತೆ ಬೇಡ. ಅಳತೆ ನೋಡಿ, ಉಜ್ಜಿ, ಹಿಡಿಕೆ ಬಿಗಿಯುವುದರಲ್ಲಿಯೇ ಅವನ ಹತ್ತು ನಿಮಿಷ ಕಳೆದಿರುತ್ತದೆ.

ಬಾಗಿಲು, ಕಿಟಕಿ ಜಾಲರಿ ಮಾಡುವವರಿಗೆ ರಾಡಿನ ಯಂತ್ರಕ್ಕೆ ಸಮನಾದುದಿಲ್ಲ. ಆದರೆ 2.5 ಮಿಲಿಮೀಟರಿನ ರಾಡನ್ನು ಹೊಸಬನ ಕೈಗೆ ಕೊಟ್ಟು ತೆಳು ಕೊಳವೆಯ ಮೇಲೆ ಬಿಟ್ಟರೆ ತೂತು ಬೀಳುವುದೇ ಹೆಚ್ಚು. ನಮ್ಮ ಕಾರ್ಖಾನೆಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎನ್ನುವ ಟಿಗ್ ವಿಧಾನ ಅತ್ಯಂತ ಚೊಕ್ಕಟವಾದುದು. ಆದರೆ ಎರಡು ಕೈಗೂ ಬೇರೆ ಬೇರೆ ಕೆಲಸ, ಕಲಿಯಲು ಬಹುಕಾಲ, ಬೆಸೆಯಲೂ ಬಹುಕಾಲ. ಗ್ಯಾಸ್ ಬೆಸುಗೆಯ ಅಸಿಟಿಲೀನ್ ಸಿಲಿಂಡರನ್ನು ವಾಸದ ಮನೆಯ ಬಳಿ ಇಡುವ ಪ್ರಸ್ತಾಪಕ್ಕೆ ನಮ್ಮ ಅಕ್ಕ ಒಂದೇ ಮಾತಿನಲ್ಲಿ ಮುಕ್ತಾಯ ಹಾಡಿದಳು.

ಉಳಿದದ್ದು ಮಿಗ್, ‘ಸಿಓಟೂ ವೆಲ್ಡಿಂಗ್’ ಎಂದರೆ ಎಲ್ಲರೂ ಬಲ್ಲರು. ತಾಮ್ರದ ಲೇಪವಿರುವ ತೆಳು ತಂತಿ ಸುರುಳಿಯಿಂದ ತಾನೇ ಹರಿದುಬರುತ್ತದೆ. ಅದರ ಸುತ್ತ ಸುರಿಯುವ ಅನಿಲ ಕಾದ ಲೋಹಕ್ಕೆ ಗಾಳಿ ತಾಕದಂತೆ ಕಾಯುತ್ತದೆ. ತೆಳು ಕೊಳವೆಗೆ 0.8 ಮಿಲಿಮೀಟರಿನ ತಂತಿಯೂ, ಆರ್ಗಾನ್ ಮತ್ತು ಇಂಗಾಲಾಮ್ಲದ ಮಿಶ್ರಾನಿಲವೂ ಒಗ್ಗುತ್ತವೆ. ಅನಿಲವಿಲ್ಲದೆ ಬೆಸೆಯುವ ತಂತಿಯೂ ಉಂಟು. ಬಯಲಿನಲ್ಲಿ ಅದು ಅನುಕೂಲ, ಆದರೆ ಕಿಡಿ ಹೆಚ್ಚು ಹಾರಿ ಕಿಟ್ಟ ಕಟ್ಟುತ್ತದೆ, ತಂತಿಯ ಧ್ರುವವನ್ನೂ ಬದಲಿಸಬೇಕು. ಎರಡಕ್ಕೂ ಅವಕಾಶವಿರುವ ಚಿಕ್ಕ ಮಿಗ್ ಯಂತ್ರವನ್ನೇ ಆರಿಸಿದೆವು.

ಮೊದಲ ದಿನವೇ ಪೇಚಿಗೆ ಸಿಕ್ಕಿಕೊಂಡೆವು. ಬೆಸುಗೆಯೆಲ್ಲ ಜೇನುಗೂಡಿನಂತೆ ಸೂಕ್ಷ್ಮ ರಂಧ್ರಮಯ! ತಂತಿಯನ್ನು ಶಂಕಿಸಿದೆವು, ಅನಿಲವನ್ನು ಶಂಕಿಸಿದೆವು. ಕೊನೆಗೆ ನೋಡಿದರೆ ತಲೆಯ ಮೇಲೆ ಪಂಖ ತಿರುಗುತ್ತಿತ್ತು. ಸೆಕೆಯೆಂದು ನಾವೇ ಹಾಕಿಸಿದ್ದು. ಕಾವಲಿನ ಅನಿಲವನ್ನು ಅದು ಊದಿಬಿಡುತ್ತಿತ್ತು. ಪಂಖ ನಿಲ್ಲಿಸಿ, ಹೊಗೆ ಹೋಗಲು ದೂರದ ಕಿಟಕಿ ತೆರೆದಿಟ್ಟ ಮೇಲೆ ಸರಿಹೋಯಿತು. ಸತುವಿನ ಲೇಪವಿರುವ ಜಿಐ ಕೊಳವೆಯನ್ನು ಮಾತ್ರ ಎಂದೂ ತರಬಾರದು; ಅದರ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಮಿಗ್ ಯಂತ್ರದ ದೊಡ್ಡ ದೋಷ ಅದರ ಸುಲಭತೆಯಲ್ಲಿಯೇ ಇದೆ. ರಾಡಿನಿಂದ ಕೆಟ್ಟು ಬೆಸೆದರೆ ಕಣ್ಣಿಗೆ ಕಾಣುತ್ತದೆ. ಮಿಗ್ಗಿನಲ್ಲಿ ಕಾವು ಕಡಿಮೆಯಾದರೆ, ತಂತಿ ಕರಗಿ ಮೇಲೆ ಸೊಗಸಾಗಿ ಸಾಲುಗಟ್ಟಿ ಕೂಡುತ್ತದೆ. ಕೆಳಗಿನ ಉಕ್ಕು ಕರಗಿಯೇ ಇರುವುದಿಲ್ಲ. ನೋಡಿದವರು ತಲೆದೂಗಬೇಕು, ಅಂಥ ಬೆಸುಗೆ. ಸುತ್ತಿಗೆಯ ಒಂದು ಪೆಟ್ಟಿಗೆ ಸಿಪ್ಪೆಯಂತೆ ಕಳಚಿ ಬೀಳುತ್ತದೆ. ಭಾವನವರ ಭಯ ನಿಜವಾಗುವುದಿದ್ದರೆ ಇಲ್ಲಿಯೇ.

ಇದಕ್ಕೆ ಉಪಾಯ ದೊರೆತದ್ದು ಹುಡುಗನ ಕಾಲೇಜಿನಿಂದಲೇ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡಿ ಕಟ್ಟಿ ಓಡಿಸುವ ‘ಬಾಹಾ’ ಸ್ಪರ್ಧೆಯ ನಿಯಮಾವಳಿಯಲ್ಲಿ ಬೆಸುಗೆಯ ಪರೀಕ್ಷೆಯೊಂದನ್ನು ವಿಧಿಸಲಾಗಿದೆ. ಬಂಡಿಯನ್ನು ಬೆಸೆಯುವವನೇ, ಅದೇ ಕೊಳವೆಯಿಂದ, ಎರಡು ಮಾದರಿಗಳನ್ನು ಬೆಸೆಯಬೇಕು. ಒಂದರಲ್ಲಿ ಕೊಳವೆಗಳು 90 ಡಿಗ್ರಿಯಲ್ಲಿ ಕೂಡಿರುತ್ತವೆ. ಅದನ್ನು ಬಲವಂತವಾಗಿ ಮುರಿದಾಗ ಹರಿಯಬೇಕಾದುದು ಕೊಳವೆಯೇ ಹೊರತು ಬೆಸುಗೆಯಲ್ಲ. ಇನ್ನೊಂದು 30 ಡಿಗ್ರಿಯದು. ಅದನ್ನು ಉದ್ದಕ್ಕೆ ಸೀಳಿ, ಬೆಸುಗೆ ಒಳಗೆ ಎಷ್ಟು ಇಳಿದಿದೆಯೆಂದು ತೋರಿಸಬೇಕು.

ಷೆಡ್ಡಿನಲ್ಲಿ ಇದನ್ನೇ ಮಾಡಿಸಿದೆವು. ಮಾದರಿಯನ್ನು ವೈಸಿನಲ್ಲಿ ಬಿಗಿದು, ಉದ್ದನೆಯ ಪೈಪೊಂದನ್ನು ಸಿಕ್ಕಿಸಿ ಹುಡುಗರು ಜಗ್ಗಿದರು. ಮೊದಲನೆಯದು ಸದ್ದಿಲ್ಲದೆ ಬೆಸುಗೆಯಲ್ಲಿಯೇ ಬಿಟ್ಟಿತು. ಎರಡನೆಯದೂ, ಮೂರನೆಯದೂ ಹಾಗೆಯೇ. ಹುಡುಗನ ಮುಖ ಬಾಡಿತು; ಭಾವನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಮಾತನಾಡಲಿಲ್ಲ. ಆಂಪಿಯರನ್ನು ಏರಿಸಿ, ಕೊಳವೆಯ ತುದಿಯ ಕಪ್ಪು ಪೊರೆಯನ್ನು ಹೊಳೆಯುವಂತೆ ಉಜ್ಜಿ, ಕೈಯ ಅವಸರವನ್ನು ತಗ್ಗಿಸಿದ ಮೇಲೆ, ಎರಡು ವಾರಗಳ ಅಭ್ಯಾಸದಿಂದ, ಕೊಳವೆ ಮಡಚಿ ಹರಿಯಿತು, ಬೆಸುಗೆ ನಿಂತಿತು.

ಈಗ ಚೌಕಟ್ಟಿನ ಕೆಲಸ ನಡೆದಿದೆ. ಪ್ರತಿ ಭಾನುವಾರ ಕೆಲಸಕ್ಕೆ ಮೊದಲು ಒಂದು ಮಾದರಿ ಮುರಿಯಲೇಬೇಕೆಂದು ಭಾವನವರು ಕಟ್ಟಪ್ಪಣೆ ಮಾಡಿದ್ದಾರೆ. ಸಸ್ಪೆನ್ಷನ್, ಸ್ಟಿಯರಿಂಗ್ ಮತ್ತು ಸೀಟಿನ ಪಟ್ಟಿಗಳನ್ನು ಹಿಡಿಯುವ ಬ್ರಾಕೆಟ್ಟುಗಳನ್ನು ಮಾತ್ರ ಹುಡುಗರು ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸುತ್ತಾರೆ. ಪೂರ್ತಿ ಬೆಸೆಯಲು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆದ ಬೆಸುಗೆಗಾರರೊಬ್ಬರನ್ನು ಗೊತ್ತುಮಾಡಿದ್ದಾಗಿದೆ. ಅವರು ಬಂದ ದಿನ ಅವರಿಂದಲೂ ಒಂದು ಮಾದರಿ ಮಾಡಿಸಿ ಮುರಿದು ನೋಡುವುದೆಂದು ಹುಡುಗ ಹೇಳುತ್ತಿದ್ದಾನೆ. ಹಿರಿಯರಿಗೆ ಅದನ್ನು ಹೇಗೆ ಕೇಳುವುದೆಂಬ ಸಂಕೋಚ ಮಾತ್ರ ನಮ್ಮ ಪಾಲಿಗೆ ಬಂದಿದೆ.